ಅಮೆರಿಕದ ನ್ಯಾಷನಲ್ ಫಾರೆಸ್ಟ್‌ಗೆ ಹೋಗುವುದು ಹೇಗೆ?

ಅಮೆರಿಕದಲ್ಲಿರುವ ಮಗಳ ಮನೆಗೋ ಮಗನ ಮನೆಗೋ ಹೋದ ಅಪ್ಪ-ಅಮ್ಮಂದಿರು ಯೊಸೆಮಿಟಿ, ಯೆಲ್ಲೋಸ್ಟೋನ್ ಪಾರ್ಕ್‌ಗಳನ್ನು ತಪ್ಪದೆ ನೋಡಿ ಬರುತ್ತಾರೆ. ಆ ಪಾರ್ಕ್‌ಗಳಿಗೆ ತಾಗಿಕೊಂಡೇ ಇರುವ ನ್ಯಾಷನಲ್ ಫಾರೆಸ್ಟ್‌ಗೂ ಒಂದು ದಿನ ಇಟ್ಟುಕೊಳ್ಳಿ. ಇದು ಕೃಷಿ ಇಲಾಖೆಯ ಅಡಿಯಲ್ಲಿರುವ ಅರಣ್ಯ ಸೇವೆ (ಫಾರೆಸ್ಟ್ ಸರ್ವಿಸ್) ಎಂಬ ಸಂಸ್ಥೆ ನೋಡಿಕೊಳ್ಳುವ ಕಾಡು. ವಿಹಾರ, ಮೇವು, ಮರಮುಟ್ಟು, ನೀರು, ವನ್ಯಜೀವಿ ಮತ್ತು ಮೀನು, ಇಷ್ಟಕ್ಕೂ ಇಲ್ಲಿ ಜಾಗವಿರಬೇಕೆಂದು 1960ರ ಕಾಯ್ದೆ ಹೇಳುತ್ತದೆ. ಇದನ್ನು ತಿಳಿದೇ ಹೊರಡಬೇಕು.

ಮೊದಲು ಆ ಭಾಗದ ರೇಂಜರ್ ಕಚೇರಿಗೆ ಫೋನ್ ಮಾಡಿ. ರಸ್ತೆ ತೆರೆದಿದೆಯೇ, ಬೆಂಕಿ ಹಾಕಲು ನಿರ್ಬಂಧವಿದೆಯೇ, ಎಲ್ಲಾದರೂ ಮರ ಕಡಿಯುತ್ತಿದ್ದಾರೆಯೇ ಎಂದು ಕೇಳಿಕೊಳ್ಳಿ. ಯಾವ ದಾರಿಯಲ್ಲಿ ಯಾವ ವಾಹನ ಹೋಗಬಹುದೆಂದು ತೋರಿಸುವ ನಕ್ಷೆಯನ್ನು ಉಚಿತವಾಗಿ ಕೊಡುತ್ತಾರೆ. ಒಳಗೆ ಸಿಗ್ನಲ್ ನಂಬುವಂತಿಲ್ಲ, ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಮೊದಲ ಸಲಕ್ಕೆ ಸುಲಭದ ಜಾಗ ಸಾಕು. ಸಿಯಾಟಲ್‌ನವರು ಮೌಂಟ್ ಬೇಕರ್-ಸ್ನೋಕ್ವಾಲ್ಮಿ ಕಾಡಿನ ಫ್ರಾಂಕ್ಲಿನ್ ಜಲಪಾತಕ್ಕೆ ಹೋಗಬಹುದು. ಹೋಗಿಬರಲು ಸುಮಾರು 2 ಮೈಲಿ, ಬೇಸಿಗೆಯಲ್ಲಿ ಮಕ್ಕಳೂ ನಡೆಯುತ್ತಾರೆ.

ಕಾಡುರಸ್ತೆಯಲ್ಲಿ ದಿಮ್ಮಿ ಹೊತ್ತ ಲಾರಿ ಎದುರಾದರೆ ಬದಿಗೆ ಸರಿದು ದಾರಿ ಬಿಡಿ. ದನ ಅಡ್ಡ ಬಂದರೆ ಹಾರ್ನ್ ಮಾಡಬೇಡಿ, ಪರವಾನಗಿ ಪಡೆದೇ ಮೇಯಿಸುವ ದನಗಳವು. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ, ತೆರೆದಿದ್ದರೆ ಹಾಗೇ ಬಿಡಿ. ಶರತ್ಕಾಲದಲ್ಲಿ ಬೇಟೆಗಾರರೂ ಇರುತ್ತಾರೆ, ಎದ್ದು ಕಾಣುವ ಕಿತ್ತಳೆ ಬಣ್ಣದ ಅಂಗಿ ತೊಡಿ.

ರಾತ್ರಿ ಉಳಿಯುವ ಆಸೆಯಿದ್ದರೆ ಅನೇಕ ಕಡೆ ಕ್ಯಾಂಪ್‌ಗ್ರೌಂಡ್ ಬಿಟ್ಟು ಹೊರಗೆ, ಹಣ ಕೊಡದೆಯೇ ಟೆಂಟ್ ಹಾಕಬಹುದು, ಸಾಮಾನ್ಯವಾಗಿ 14 ದಿನಗಳವರೆಗೆ. ಟೆಂಟು, ಪಾತ್ರೆ ತೊಳೆಯುವುದು, ಶೌಚ, ಎಲ್ಲವೂ ಹೊಳೆಯಿಂದ 200 ಅಡಿ ದೂರವಿರಲಿ. ಆ ನೀರು ಕೆಳಗೆ ಯಾವುದೋ ಊರಿನ ನಲ್ಲಿಯಲ್ಲಿ ಬರುತ್ತದೆ. ಬೆಂಕಿಯ ವಿಷಯದಲ್ಲಿ ನನ್ನದು ಕೈಮುಗಿದ ಕೋರಿಕೆ: ನೀರು ಸುರಿಯಿರಿ, ಬೂದಿ ಕಲಕಿ, ಮತ್ತೆ ಸುರಿಯಿರಿ. ಬೂದಿಯ ಹತ್ತಿರ ಅಂಗೈ ಹಿಡಿದಾಗ ಕಾವು ತಾಗಿದರೂ ಅಲ್ಲಿಂದ ಕದಲಬೇಡಿ.

ಸೌದೆ, ಕ್ರಿಸ್‌ಮಸ್ ಮರ, ಅಣಬೆ ತರುವವರು ಪರ್ಮಿಟ್ ಬೇಕೇ ಎಂದು ರೇಂಜರ್ ಕಚೇರಿಯಲ್ಲಿ ವಿಚಾರಿಸಿ. ಒಂದೊಂದು ಕಾಡಿನ ನಿಯಮ ಒಂದೊಂದು. ಮಲೆನಾಡಿನ ಅಣಬೆ ಪರಿಚಯವನ್ನು ನೆಚ್ಚಿ ಅಲ್ಲಿಯದನ್ನು ತಿನ್ನಬೇಡಿ. ಪಶ್ಚಿಮ ಕರಾವಳಿಯಲ್ಲಿ ಬೆಳೆಯುವ ಡೆತ್ ಕ್ಯಾಪ್ ಅಣಬೆ ಯಕೃತ್ತನ್ನೇ ಕೊಲ್ಲುತ್ತದೆ, ಬೇಯಿಸಿದರೂ ಅದರ ವಿಷ ಹೋಗುವುದಿಲ್ಲ.