40 ಎಂ.ಎಂ. ಜಲ್ಲಿ ಮೇಲೆತ್ತಲು ನಿಧಾನದ ಚೈನ್ ಎಲಿವೇಟರ್
ಚಿಕ್ಕಬಳ್ಳಾಪುರದ ಕಡೆ ಕ್ರಷರ್ ನಡೆಸುವವರಿಗೆ: 40 ಎಂ.ಎಂ. ಜಲ್ಲಿಯನ್ನು ನೇರ ಮೇಲಕ್ಕೆ ಎತ್ತಬೇಕಿದ್ದರೆ ವೇಗವಾಗಿ ಓಡುವ ಬೆಲ್ಟ್ ಬಕೆಟ್ ಎಲಿವೇಟರ್ (ಬೆಲ್ಟ್‌ಗೆ ಸಾಲಾಗಿ ಕೂರಿಸಿದ ಬಕೆಟ್‌ಗಳಲ್ಲಿ ಮಾಲು ಮೇಲೆತ್ತುವ ಯಂತ್ರ) ಬೇಡ. ಬಕೆಟ್‌ಗಳು ಒತ್ತೊತ್ತಾಗಿ ಕೂತಿರುವ, ನಿಧಾನವಾಗಿ ಓಡುವ ಚೈನ್ ಎಲಿವೇಟರ್ ತಗೊಳ್ಳಿ. ವೇಗದ ಮಾದರಿಯಲ್ಲಿ ಬಕೆಟ್ ತಳದ ರಾಶಿಯನ್ನು ಗೋರಿಕೊಂಡು ಹೋಗಿ ಮೇಲೆ ಎಸೆಯುತ್ತದೆ. ಎಂ-ಸ್ಯಾಂಡ್‌ಗೆ (ಕಲ್ಲು ಪುಡಿಮಾಡಿ ತಯಾರಿಸಿದ ಮರಳಿಗೆ) ಅದು ಸರಿ. ನಮ್ಮ ಗ್ರಾನೈಟ್ ಜಲ್ಲಿಯನ್ನು ಹಾಗೆ ಗೋರಲು ಹೋದರೆ ಬಕೆಟ್ ಬಾಯಿ ಸವೆದು ಬೋಲ್ಟ್ ಸಡಿಲವಾಗುತ್ತದೆ, ಅಲ್ವಾ? ನಿಧಾನದ ಮಾದರಿಯಲ್ಲಿ ಕಲ್ಲು ಚ್ಯೂಟ್‌ನಿಂದ, ಅಂದ್ರೆ ಮಾಲು ಜಾರಿ ಬರುವ ಇಳಿಜಾರು ದಾರಿಯಿಂದ, ಸೀದಾ ಬಕೆಟ್‌ಗೇ ಬೀಳುತ್ತದೆ. ಮೇಲೆ ಮುಂದಿನ ಬಕೆಟ್‌ನ ಬೆನ್ನ ಮೇಲೆ ಜಾರಿ ಹೊರಬರುತ್ತದೆ. ಆರ್ಡರ್ ಕೊಡುವಾಗ ಗಂಟೆಗೆ ಎಷ್ಟು ಟನ್ ಅಂತ ಮಾತ್ರ ಹೇಳಬೇಡಿ, ಬರುವ ಅತಿ ದೊಡ್ಡ ಕಲ್ಲಿನ ಅಳತೆಯನ್ನೂ ಹೇಳಿ. ಒದ್ದೆ ಮಣ್ಣು, ಡಸ್ಟ್ ಕಲೆತ ಮಾಲಿಗೆ ಇದು ಆಗಿಬರುವುದಿಲ್ಲ, ಬಕೆಟ್ ತಳದಲ್ಲೇ ಅಂಟಿ ಕೂರುತ್ತದೆ. ಇನ್ನು ಜಾಗ ಜಾಸ್ತಿ ಇದ್ದರೆ ಸುಮ್ನೆ ಎಲಿವೇಟರ್ ತಂಟೆಗೇ ಹೋಗಬೇಡಿ, ಓರೆಯಾಗಿ ಏರುವ ಬೆಲ್ಟ್ ಕನ್ವೇಯರ್ ಸಾಕು. 18 ಡಿಗ್ರಿ ಏರಿನಲ್ಲಿ 10 ಮೀಟರ್ ಎತ್ತರಕ್ಕೆ ನೆಲದಲ್ಲಿ ಸುಮಾರು 31 ಮೀಟರ್ ಜಾಗ ಬೇಕು.