ಹಳೆಯ ಜೀಪಿನ ತುಕ್ಕು ಹಿಡಿದ ನೆಲ ಮತ್ತು ಬಾಡಿ ತಗಡುಗಳ ದುರಸ್ತಿ

ಹಳೆಯ ಜೀಪಿನ ಮ್ಯಾಟನ್ನು ಎತ್ತಿದಾಗ ಅಂಗೈಯಗಲದ ತೂತೊಂದು ಕಂಡರೆ, ಅದರ ಸುತ್ತಲಿನ ತಗಡು ಕಣ್ಣಿಗೆ ಗಟ್ಟಿಯಾಗಿ ಕಂಡರೂ ಒಳಗೊಳಗೇ ಸವೆದು ತೆಳುವಾಗಿದೆ ಎಂದು ತಿಳಿದುಕೊಂಡೇ ಕೆಲಸಕ್ಕೆ ಇಳಿಯಬೇಕು. ತೂತಿನ ಅಳತೆಗೆ ಸರಿಯಾಗಿ ತಗಡಿನ ತುಂಡೊಂದನ್ನು ಕತ್ತರಿಸಿ ಬೆಸೆದ ದುರಸ್ತಿಗಳು ಸಾಮಾನ್ಯವಾಗಿ ಅಂಚಿನಿಂದಲೇ ಬಿಟ್ಟುಕೊಳ್ಳುತ್ತವೆ, ಏಕೆಂದರೆ ಹೊಸ ತಗಡು ಹಿಡಿದುಕೊಳ್ಳಲು ಅಲ್ಲಿ ಹಳೆಯ ಲೋಹವೇ ಉಳಿದಿರುವುದಿಲ್ಲ. ಆದ್ದರಿಂದ ಈ ಕೆಲಸದಲ್ಲಿ ಧಾರಾಳವಾಗಿ ಕತ್ತರಿಸುವ ಧೈರ್ಯ ಮೊದಲು ಬೇಕು, ವೆಲ್ಡಿಂಗ್ ಕೌಶಲ್ಯ ಅದರ ನಂತರದ್ದು.

ಗ್ರೈಂಡರ್ ಕೈಗೆತ್ತಿಕೊಳ್ಳುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಕಂಡುಹಿಡಿಯಬೇಕು. ಮುಂಗಾಜಿನ ರಬ್ಬರ್, ಬಾಗಿಲಿನ ರಬ್ಬರ್, ಗಾಳಿ ಬರುವ ಕಿಂಡಿ, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯಲ್ಲಿ ವೈರುಗಳು ಹಾದುಬರುವ ತೂತುಗಳು, ಬಟ್ಟೆಯ ಹೊದಿಕೆಯ ಹೊಲಿಗೆ, ಹೀಗೆ ದಾರಿಗಳು ಹಲವಿವೆ. ಒಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡುತ್ತಾ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಕುಳಿತು ನೋಡಿದರೆ ಅರ್ಧ ಗಂಟೆಯಲ್ಲಿ ಹೆಚ್ಚಿನ ಸೋರಿಕೆಗಳು ತಿಳಿದುಬರುತ್ತವೆ. ನೀರನ್ನು ಕೆಳಗಿನಿಂದ ಮೇಲಕ್ಕೆ ಹಂತಹಂತವಾಗಿ ಬಿಡುತ್ತಾ ಬರಬೇಕು. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲೆಡೆಯೂ ಹರಿದು ಯಾವ ಸಂದಿನದು ಎಂದು ಹೇಳಲಾಗದು. ಮ್ಯಾಟಿನ ಕೆಳಗಿರುವ ಸ್ಪಂಜು ಅಥವಾ ನಾರಿನ ಪದರವು ಹೀಗೆ ಬಂದ ನೀರನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಹೊರಗಡೆ ಚಕ್ರಗಳು ಎರಚಿದ ಕೆಸರು ನೆಲದ ಅಡಿಯ ಆಧಾರಪಟ್ಟಿಗಳ ಮೇಲೆ ಮತ್ತು ಮಡ್‌ಗಾರ್ಡ್‌ಗಳ ಹಿಂದೆ ಕೂತು ಒದ್ದೆ ಬಟ್ಟೆಯಂತೆ ತಗಡಿಗೆ ಅಂಟಿಕೊಂಡಿರುತ್ತದೆ. ಎರಡು ತಗಡುಗಳು ಒಂದರ ಮೇಲೊಂದು ಬಂದು ಸ್ಪಾಟ್ ವೆಲ್ಡ್ ಆಗಿರುವ (ಚುಕ್ಕೆಚುಕ್ಕೆಯಾಗಿ ಬೆಸೆದಿರುವ) ಸಂದುಗಳದ್ದು ಇನ್ನೂ ಕಠಿಣ ಪರಿಸ್ಥಿತಿ: ಅಲ್ಲಿಗೆ ನೀರು ತಾನಾಗಿ ಎಳೆದುಕೊಳ್ಳುತ್ತದೆ, ಒಣಗುವುದು ಮಾತ್ರ ಬಹಳ ನಿಧಾನ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಆ ಎರಡು ತಗಡುಗಳು ಉಬ್ಬಿ ದೂರ ಸರಿಯುತ್ತವೆ ಮತ್ತು ಇನ್ನಷ್ಟು ನೀರಿಗೆ ದಾರಿಯಾಗುತ್ತದೆ.

1948ರಿಂದ ಬಂದ ಲ್ಯಾಂಡ್ ರೋವರ್‌ನಂತಹ ಗಾಡಿಗಳಲ್ಲಿ ಬಾಡಿ ತಗಡು ಅಲ್ಯೂಮಿನಿಯಂ ಮಿಶ್ರಲೋಹದ್ದು, ಅದನ್ನು ಹೊತ್ತ ಚೌಕಟ್ಟು ಉಕ್ಕಿನದು. ಇವೆರಡೂ ನೇರವಾಗಿ ತಾಗಿ ನಡುವೆ ತೇವ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಅಂಥ ಗಾಡಿಯಲ್ಲಿ ಪ್ರತಿಯೊಂದು ಬೋಲ್ಟ್ ಮತ್ತು ಕೂಡುಜಾಗದಲ್ಲಿ ಪ್ರೈಮರ್, ಸೀಲರ್ ಅಥವಾ ಪ್ಲಾಸ್ಟಿಕ್ ವಾಷರ್ ಹಾಕಿ ಎರಡೂ ಲೋಹಗಳನ್ನು ಬೇರ್ಪಡಿಸಬೇಕು.

ಸೀಟು, ಮ್ಯಾಟು, ಅದರಡಿಯ ಪದರ ಎಲ್ಲವನ್ನೂ ತೆಗೆದ ಮೇಲೆ ತಗಡಿನ ನಿಜವಾದ ಸ್ಥಿತಿಯನ್ನು ಪರೀಕ್ಷಿಸಿ. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಗಟ್ಟಿ ತಗಡು ಕಣಕಣ ಎನ್ನುತ್ತದೆ, ಸವೆದದ್ದು ಮಂದವಾಗಿ ನುಡಿಯುತ್ತದೆ. ಅನುಮಾನ ಬಂದಲ್ಲೆಲ್ಲ ಮೊನಚಾದ ಸ್ಕ್ರೂಡ್ರೈವರಿನಿಂದ ಬಲವಾಗಿ ಒತ್ತಿ ನೋಡಿ, ತೂತು ಬಿದ್ದರೆ ಬೇಸರ ಪಡಬೇಡಿ; ಅದು ಹೇಗಿದ್ದರೂ ಹೋಗಬೇಕಾಗಿದ್ದ ತಗಡು. ಹಿಂದಿನ ಯಾರೋ ಡಾಂಬರಿನಂಥ ಲೇಪ ಬಳಿದಿದ್ದರೆ ಅದನ್ನು ಪೂರ್ತಿ ಕೆರೆಯದೆ ಯಾವ ತೀರ್ಮಾನಕ್ಕೂ ಬರಬೇಡಿ. ಇದೇ ಹೊತ್ತಿನಲ್ಲಿ ಬಾಡಿಯನ್ನು ಅದರ ಕೆಳಗಿನ ಚೌಕಟ್ಟಾದ ಚಾಸಿಸ್‌ಗೆ ಕೂರಿಸುವ ಬೋಲ್ಟ್‌ಗಳ ಜಾಗ, ಸೀಟ್ ಬೆಲ್ಟ್ ಹಿಡಿದಿರುವ ಜಾಗ ಮತ್ತು ಚಾಸಿಸ್ ಪಟ್ಟಿಗಳನ್ನೂ ನೋಡಬೇಕು. ಚಾಸಿಸ್ಸಿನಲ್ಲಿ, ಅದರಲ್ಲೂ ಸ್ಪ್ರಿಂಗ್ ಮತ್ತು ಸ್ಟೀರಿಂಗ್ ಬಾಕ್ಸ್ ಕೂರುವ ಕಡೆ, ತೂತು ಕಂಡರೆ ಈ ಲೇಖನದ ವಿಧಾನಗಳು ಅಲ್ಲಿಗೆ ಸಲ್ಲುವುದಿಲ್ಲ. ಅದು ಭಾರ ಹೊರುವ ದಪ್ಪ ಲೋಹದ ಕೆಲಸ. ಪಳಗಿದ ವೆಲ್ಡರ್ ಒಬ್ಬರಿಗೆ ಒಪ್ಪಿಸಿ, ಅದು ಮುಗಿದ ನಂತರವೇ ನೆಲಕ್ಕೆ ಕೈಹಾಕಬೇಕು.

ಸುರಕ್ಷತೆಯ ವಿಷಯವನ್ನು ನಾನು ಎರಡು ಸಾಲಿನಲ್ಲಿ ಮುಗಿಸಲಾರೆ. ಹಲವು ಹಳೆಯ ಜೀಪುಗಳಲ್ಲಿ ಇಂಧನದ ಟ್ಯಾಂಕು ಚಾಲಕನ ಸೀಟಿನ ಕೆಳಗೇ ಇರುತ್ತದೆ. ಅದನ್ನು ಬಿಚ್ಚಿ ಗಾಡಿಯಿಂದ ದೂರಕ್ಕೆ ಸಾಗಿಸದೆ ಒಂದು ಕಿಡಿಯೂ ಹಾರಬಾರದು. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ, ಏಕೆಂದರೆ ಅದರೊಳಗೆ ಉಳಿಯುವ ಆವಿಯೇ ಸಿಡಿಯುವುದು. ಬ್ಯಾಟರಿಯ ಎರಡೂ ತಂತಿಗಳನ್ನು ಮತ್ತು ಆಲ್ಟರ್ನೇಟರ್ ಸಂಪರ್ಕವನ್ನು ಕಳಚಿರಿ. ತಗಡಿನ ಆಚೆಬದಿಯಲ್ಲಿ ಬ್ರೇಕ್ ಪೈಪು, ಇಂಧನದ ಪೈಪು, ವೈರುಗಳ ಕಟ್ಟು ಹಾದುಹೋಗಿದ್ದರೆ ಅವನ್ನು ಸರಿಸಿ. ತಗಡನ್ನು ಒರೆಸಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರನ್ನು ಎಂದಿಗೂ ಬಳಸಬೇಡಿ, ಅದರ ಪಸೆಯ ಮೇಲೆ ವೆಲ್ಡಿಂಗ್ ಮಾಡಿದಾಗ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ ಮತ್ತು ಅದರ ಅಲ್ಪ ಪ್ರಮಾಣವೂ ಪ್ರಾಣಕ್ಕೆ ಎರವಾಗಬಲ್ಲದು. ಸತುವಿನ ಲೇಪವಿರುವ ತಗಡಿನ ಬಿಳಿ ಹೊಗೆ ಜ್ವರ ತರಿಸುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಆದ್ದರಿಂದ ಗಾಳಿಯಾಡುವ ಕಡೆ, ಸರಿಯಾದ ಮುಖಗವಸಿನೊಂದಿಗೆ ಕೆಲಸ ಮಾಡಿ. ಬೆಂಕಿ ಆರಿಸುವ ಸಿಲಿಂಡರ್ ಹಿಡಿದ ಸಹಾಯಕರೊಬ್ಬರು ತಗಡಿನ ಆಚೆಬದಿಯನ್ನು ನೋಡುತ್ತಿರಬೇಕು, ಕೊನೆಯ ವೆಲ್ಡ್ ಮುಗಿದ ಮೇಲೂ ಅರ್ಧ ಗಂಟೆ ಗಾಡಿಯ ಬಳಿಯಲ್ಲೇ ಇರಬೇಕು, ಏಕೆಂದರೆ ತಳದ ಲೇಪ ಹೊಗೆಯಾಡುತ್ತಿದ್ದು ತಡವಾಗಿ ಹೊತ್ತಿಕೊಳ್ಳುವುದುಂಟು.

ನೆಲವನ್ನು ಕತ್ತರಿಸಿದೊಡನೆ ಬಾಡಿ ತನ್ನ ಬಿಗಿಯನ್ನು ಕಳೆದುಕೊಳ್ಳುತ್ತದೆ. ಬಾಡಿಯನ್ನು ಚಾಸಿಸ್ ಮೇಲೆ ಬೋಲ್ಟ್ ಬಿಗಿದ ಸ್ಥಿತಿಯಲ್ಲೇ ಇಟ್ಟು, ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಬಾಗಿಲಿನ ತೆರವುಗಳಿಗೆ ಅಡ್ಡಲಾಗಿ ಚೌಕ ಪೈಪುಗಳನ್ನು ಕಟ್ಟಿ ಅಥವಾ ವೆಲ್ಡ್ ಮಾಡಿ ಭದ್ರಪಡಿಸಿ. ಎರಡೂ ಕರ್ಣಗಳ ಅಳತೆಯನ್ನೂ ಬಾಗಿಲಿನ ಸುತ್ತಲಿನ ಸಂದಿನ ಅಳತೆಯನ್ನೂ ಬರೆದಿಟ್ಟುಕೊಳ್ಳಿ. ಒಂದು ಬದಿಯ ನೆಲ ಕೂರಿಸಿ ಮುಗಿಯುವವರೆಗೆ ಇನ್ನೊಂದು ಬದಿಯನ್ನು ಮುಟ್ಟಬಾರದು. ಈ ಎಚ್ಚರ ತಪ್ಪಿದ ಗಾಡಿಗಳಲ್ಲಿ ನೆಲ ಚೆನ್ನಾಗಿಯೇ ಕೂತಿರುತ್ತದೆ, ಬಾಗಿಲು ಮಾತ್ರ ಮುಚ್ಚುವುದಿಲ್ಲ.

ತಂತಿ ಬ್ರಷ್ ಅಥವಾ ಫ್ಲ್ಯಾಪ್ ಡಿಸ್ಕ್ ಹಾಕಿದ ಗ್ರೈಂಡರಿನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಗುಳಿಬಿದ್ದ ತಗಡು ಮುಗಿದು ನಯವಾದ ತಗಡು ಆರಂಭವಾಗುವ ಗಡಿಯನ್ನು ಗುರುತಿಸಿ, ಅಲ್ಲಿಂದ ಇನ್ನೂ 25 ಮಿ.ಮೀ. ಆಚೆಗೆ ಗೆರೆ ಎಳೆಯಿರಿ. ಕತ್ತರಿಸಲು 1 ಮಿ.ಮೀ. ದಪ್ಪದ ಡಿಸ್ಕ್ ಅನುಕೂಲ. ಮೂಲೆಗಳನ್ನು ದುಂಡಾಗಿ ಬಿಡಿ. ಚೂಪು ಮೂಲೆಯಿಂದ ಸೀಳು ಆರಂಭವಾಗುತ್ತದೆ, ವೆಲ್ಡಿಂಗಿನ ಬಿಸಿಯೂ ಅಲ್ಲಿಯೇ ಸೇರುತ್ತದೆ. ಅಡಿಯಲ್ಲಿ ಆಧಾರಪಟ್ಟಿ ಇರುವಲ್ಲಿ ಡಿಸ್ಕನ್ನು ಆಳಕ್ಕೆ ಇಳಿಸದೆ, ಸ್ಪಾಟ್ ವೆಲ್ಡ್‌ಗಳನ್ನು ಸುಮಾರು 8 ಮಿ.ಮೀ. ಡ್ರಿಲ್‌ನಿಂದ ಮೇಲಿನ ತಗಡಿನಷ್ಟೇ ಆಳಕ್ಕೆ ಕೊರೆದು, ತಗಡನ್ನು ಉಳಿಯಿಂದ ಬಿಡಿಸಿಕೊಳ್ಳಿ. ಪಟ್ಟಿಯೇ ಕೊಳೆತಿದ್ದರೆ ಅದನ್ನು ಮೊದಲು ಬದಲಿಸಿ.

ಹೊಸ ತಗಡಿನ ದಪ್ಪ ಹಳೆಯದಕ್ಕೆ ಹೊಂದಬೇಕು. ಬಣ್ಣ ಕೆರೆದ ಗಟ್ಟಿ ಜಾಗವೊಂದರಲ್ಲಿ ವರ್ನಿಯರ್ ಇಟ್ಟು ಅಳೆಯಿರಿ. ಸಾಮಾನ್ಯವಾಗಿ ನೆಲಕ್ಕೆ 1.2 ಮಿ.ಮೀ., ಹೊರಬಾಡಿಗೆ 0.9 ಅಥವಾ 1 ಮಿ.ಮೀ. ಸಾಕಾಗುತ್ತದೆ. ಗಟ್ಟಿಯಾಗಿರಲಿ ಎಂದು 2 ಅಥವಾ 3 ಮಿ.ಮೀ. ತಗಡು ಹಾಕುವವರಿದ್ದಾರೆ, ನಾನದನ್ನು ಒಪ್ಪುವುದಿಲ್ಲ: ದಪ್ಪ ತಗಡು ಕರಗುವಷ್ಟು ಬಿಸಿ ಕೊಟ್ಟರೆ ಪಕ್ಕದ ತೆಳು ತಗಡು ಸುಟ್ಟುಹೋಗುತ್ತದೆ, ಕಡಿಮೆ ಕೊಟ್ಟರೆ ವೆಲ್ಡ್ ಮೇಲ್ಮೈಗೆ ಮಾತ್ರ ಅಂಟುತ್ತದೆ. ಮೂಲ ನೆಲಕ್ಕೆ ಗಟ್ಟಿತನ ಬರುವುದು ಅದರಲ್ಲಿ ಒತ್ತಿರುವ ಉಬ್ಬುಗೆರೆಗಳಿಂದ. ಅವನ್ನು ಬೀಡ್ ರೋಲರ್ ಯಂತ್ರದಲ್ಲಿ ಎತ್ತಬಹುದು. ಯಂತ್ರವಿಲ್ಲದಿದ್ದರೆ ಗಟ್ಟಿಮರದಲ್ಲಿ ತೋಡು ಕೊರೆದು, ಅದರ ಮೇಲೆ ತಗಡಿಟ್ಟು, ದುಂಡು ತುದಿಯ ಮರದ ತುಂಡಿನಿಂದ ಸ್ವಲ್ಪ ಸ್ವಲ್ಪವೇ ಬಡಿದು ಇಳಿಸಬಹುದು. ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸಿ, ಅದು ಜಾಗದಲ್ಲಿ ಸರಿಯಾಗಿ ಕೂತ ಮೇಲೆ ತಗಡಿಗೆ ಗುರುತು ಹಾಕಿ. ಎರಡೂ ದಿಕ್ಕಿಗೆ ಬಾಗಿದ ಹೊರಬಾಡಿ ಭಾಗಗಳಿಗೆ ಸಿದ್ಧ ತಗಡು ಸಿಗುವುದಾದರೆ ಕೊಂಡುಕೊಳ್ಳುವುದೇ ಮೇಲು, ಕೈಯಲ್ಲಿ ಆ ಬಾಗು ತರಲು ವರ್ಷಗಳ ಅಭ್ಯಾಸ ಬೇಕು.

ಕಣ್ಣಿಗೆ ಬೀಳದ ನೆಲದಲ್ಲಿ ಹೊಸ ತಗಡನ್ನು ಹಳೆಯದರ ಮೇಲೆ ಸುಮಾರು 15 ಮಿ.ಮೀ. ಹೊದಿಸಿ ಬೆಸೆಯಬಹುದು. ಒಳಗೆ ಅವಿತುಕೊಳ್ಳುವ ಮುಖಗಳಿಗೆ ವೆಲ್ಡಿಂಗ್ ಬಿಸಿಯನ್ನು ತಾಳುವ ಸತುವಿನ ಪ್ರೈಮರನ್ನು ಮೊದಲೇ ಹೊಡೆದಿರಬೇಕು. ಹೊರಬಾಡಿಯಲ್ಲಿ ಮಾತ್ರ ಅಂಚಿಗೆ ಅಂಚು ಕೂಡಿಸಿಯೇ ಬೆಸೆಯಬೇಕು. ಹೊದಿಸಿದರೆ ಆ ಗೆರೆ ಕೆಲವು ಕಾಲದ ನಂತರ ಬಣ್ಣದ ಮೇಲೆ ಮೂಡುತ್ತದೆ, ಹಿಂದೆ ನೀರೂ ನಿಲ್ಲುತ್ತದೆ. ತೆಳು ತಗಡಿಗೆ ಮಿಗ್ ಯಂತ್ರ (ಬೆಸೆಯುವ ತಂತಿಯನ್ನು ತಾನೇ ಮುಂದೂಡುತ್ತಾ ಗ್ಯಾಸಿನ ರಕ್ಷಣೆಯಲ್ಲಿ ಬೆಸೆಯುವ ಯಂತ್ರ), 0.6 ಮಿ.ಮೀ. ತಂತಿ, ಶೇ. 75 ರಿಂದ 80 ಆರ್ಗಾನ್ ಇದ್ದು ಉಳಿದದ್ದು ಇಂಗಾಲದ ಡೈಆಕ್ಸೈಡ್ ಆಗಿರುವ ಗ್ಯಾಸು ಚೆನ್ನಾಗಿ ಹೊಂದುತ್ತವೆ. ಅರ್ತಿಂಗ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಹತ್ತಿರವೇ, ಶುದ್ಧ ಲೋಹಕ್ಕೆ ಕಚ್ಚಿಸಿ. ಅದೇ ದಪ್ಪದ ಬೇಡದ ತಗಡಿನ ಮೇಲೆ ಕೈ ಪಳಗಿಸಿಕೊಂಡು, ಯಂತ್ರದ ಹೊಂದಾಣಿಕೆ ಸರಿಯಾದ ಮೇಲೆಯೇ ಗಾಡಿಗೆ ಬನ್ನಿ. ನಾಲ್ಕು ಮೂಲೆ ಮತ್ತು ಬದಿಗಳ ನಡುವೆ ಒಂದೊಂದು ಚುಕ್ಕೆ ಬೆಸೆದು ತಗಡನ್ನು ನಿಲ್ಲಿಸಿ, ಆಮೇಲೆ 25 ರಿಂದ 30 ಮಿ.ಮೀ.ಗೊಂದು ಚುಕ್ಕೆಯಂತೆ, ಒಂದನ್ನು ಇಲ್ಲಿ ಹಾಕಿದರೆ ಮುಂದಿನದನ್ನು ಎದುರು ಬದಿಯಲ್ಲಿ ಹಾಕುತ್ತಾ ಹೋಗಿ. ಮುಟ್ಟಿದರೆ ಕೈ ತಾಳುವಷ್ಟು ತಣಿಯುವವರೆಗೆ ಪಕ್ಕದ ಚುಕ್ಕೆ ಹಾಕಬೇಡಿ. ಉದ್ದನೆಯ ಗೆರೆಯಾಗಿ ಒಂದೇ ಸಮನೆ ಎಳೆದರೆ ತಗಡು ಹಪ್ಪಳದಂತೆ ಸುಕ್ಕುಗಟ್ಟುತ್ತದೆ, ಆಮೇಲೆ ಅದನ್ನು ನೇರ ಮಾಡುವುದು ಹೊಸದಾಗಿ ಕತ್ತರಿಸುವುದಕ್ಕಿಂತ ಕಷ್ಟ. ನೆಲವನ್ನು ಆಧಾರಪಟ್ಟಿಗೆ ಕೂರಿಸುವಲ್ಲಿ ಮೇಲಿನ ತಗಡಿನಲ್ಲಿ 8 ಮಿ.ಮೀ. ತೂತು ಕೊರೆದು, ಅದರೊಳಗಿಂದ ಪಟ್ಟಿಗೆ ಬೆಸೆದು ತೂತನ್ನು ತುಂಬಿಸಿ. ಸೀಟ್ ಬೆಲ್ಟ್ ಮತ್ತು ಸೀಟಿನ ಬೋಲ್ಟ್ ಬರುವಲ್ಲಿ ಮೂಲದಲ್ಲಿದ್ದಂತೆಯೇ ದಪ್ಪ ಬಲಪಟ್ಟಿ ಕೊಡುವುದನ್ನು ಮರೆಯಬಾರದು.

ವೆಲ್ಡ್‌ಗಳನ್ನು ಗ್ರೈಂಡ್ ಮಾಡುವಾಗಲೂ ಬಿಸಿ ಏರುತ್ತದೆ. ಒಂದೇ ಕಡೆ ನಿಲ್ಲದೆ, ಅಕ್ಕಪಕ್ಕದ ತಗಡನ್ನು ತೆಳುವಾಗಿಸದೆ, ವೆಲ್ಡಿನ ಉಬ್ಬನ್ನಷ್ಟೇ ತೆಗೆಯಿರಿ.

ತುಕ್ಕು ಪರಿವರ್ತಕ ದ್ರವಗಳ ಬಗ್ಗೆ ಅತಿ ನಂಬಿಕೆ ಬೇಡ. ಫಾಸ್ಫಾರಿಕ್ ಆಮ್ಲ ಇರುವವು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿಸುತ್ತವೆ, ಟ್ಯಾನಿಕ್ ಆಮ್ಲ ಇರುವವು ಕಪ್ಪು ಟ್ಯಾನೇಟ್ ಆಗಿಸುತ್ತವೆ. ಎರಡೂ ತಮ್ಮನ್ನು ತಾಗಿದ ತೆಳು ಪದರವನ್ನಷ್ಟೇ ಬದಲಿಸಬಲ್ಲವು. ಉಜ್ಜಿದ ಮೇಲೂ ಗುಳಿಗಳ ತಳದಲ್ಲಿ ಉಳಿಯುವ ಕಪ್ಪು ಚುಕ್ಕೆಗಳಿಗೆ ಅವು ಉಪಯುಕ್ತ, ಪದರಪದರವಾಗಿ ಏಳುವ ತುಕ್ಕಿಗೆ ನಿರುಪಯುಕ್ತ. ಶುದ್ಧ ಲೋಹದ ಮೇಲೆ ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಬೇಕು, ಏಕೆಂದರೆ ಬರಿಯ ಉಕ್ಕು ಗಾಳಿಯ ತೇವಕ್ಕೆ ರಾತ್ರಿ ಕಳೆಯುವುದರೊಳಗೆ ಕಂದು ಬಣ್ಣಕ್ಕೆ ತಿರುಗುವುದುಂಟು. ಆಮ್ಲ ಬಳಿದಿದ್ದರೆ ಅದರ ಡಬ್ಬದ ಮೇಲೆ ಹೇಳಿರುವಂತೆ ತೊಳೆದು ಒಣಗಿಸದೆ ಎಪಾಕ್ಸಿ ಹಚ್ಚಬೇಡಿ, ಸರಿಯಾಗಿ ಹಿಡಿಯುವುದಿಲ್ಲ.

ಪುಟ್ಟಿಯನ್ನು ಎಪಾಕ್ಸಿಯ ಮೇಲೆ, 3 ಮಿ.ಮೀ. ಮೀರದಂತೆ, ಸಣ್ಣ ತಗ್ಗು ತುಂಬಲು ಮಾತ್ರ ಬಳಸಿ. ಪಾಲಿಯೆಸ್ಟರ್ ಪುಟ್ಟಿ ತೇವವನ್ನು ಹೀರಿಕೊಳ್ಳುವುದರಿಂದ ತೂತಿನ ಮೇಲೆ ಫೈಬರ್ ಹಚ್ಚಿ ಪುಟ್ಟಿ ಮೆತ್ತುವ ಪದ್ಧತಿ ತುಕ್ಕಿಗೆ ಮನೆ ಕಟ್ಟಿಕೊಟ್ಟಂತೆ. ನಂತರ ಪ್ರತಿಯೊಂದು ಸಂದಿಗೂ ಎರಡೂ ಬದಿಯಿಂದ ಸೀಮ್ ಸೀಲರ್ (ಸಂದು ಮುಚ್ಚುವ ಅಂಟು) ಎಳೆದು ಬಣ್ಣ ಹೊಡೆಯಿರಿ. ಗಟ್ಟಿಕಾರಕ ಬೆರೆಸುವ ಎರಡು ಭಾಗದ ಹಲವು ಬಣ್ಣಗಳಲ್ಲಿ ಉಸಿರಾಟಕ್ಕೆ ಹಾನಿಕರವಾದ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅವನ್ನು ಸ್ಪ್ರೇ ಮಾಡಲು ಸಾಮಾನ್ಯ ಮಾಸ್ಕ್ ಸಾಲದು, ಹೊರಗಿನ ಶುದ್ಧ ಗಾಳಿ ಪೂರೈಸುವ ಮುಖಕವಚ ಬೇಕು, ಅದಿಲ್ಲದಿದ್ದರೆ ಆ ಕೆಲಸವನ್ನು ಪೇಂಟಿಂಗ್ ಬೂತ್ ಇರುವವರಿಗೆ ಕೊಡಿ.

ಬಣ್ಣ ಪೂರ್ತಿ ಒಣಗಿದ ಮೇಲೆ ಪೆಟ್ಟಿಗೆಯಂತೆ ಮುಚ್ಚಿರುವ ಭಾಗಗಳೊಳಗೆ ಉದ್ದ ನಳಿಗೆಯಿಂದ ಮೇಣದ ದ್ರವವನ್ನು ಸಿಂಪಡಿಸಿ, ತಳಕ್ಕೆ ಲೇಪ ಬಳಿಯಿರಿ. ವೆಲ್ಡಿಂಗ್ ಬಿಸಿಗೆ ಒಳಬದಿಯ ಬಣ್ಣ ಸುಟ್ಟುಹೋಗಿರುವುದು ಹೊರಗೆ ಕಾಣುವುದಿಲ್ಲ, ಹಾಗಾಗಿ ಈ ಮೇಣವನ್ನು ಬಿಡುವಂತಿಲ್ಲ. ನೀರು ಹೊರಹೋಗುವ ಮೂಲ ತೂತುಗಳು ಸೀಲರಿನಿಂದಲೋ ಲೇಪದಿಂದಲೋ ಮುಚ್ಚಿಹೋಗಿದ್ದರೆ ತಂತಿಯಿಂದ ಬಿಡಿಸಿ, ನೆಲದ ಅತಿ ತಗ್ಗಿನ ಜಾಗದಲ್ಲಿ ರಬ್ಬರ್ ಬಿರಡೆಯಿರುವ ತೂತು ಮೊದಲಿದ್ದರೆ ಹೊಸ ತಗಡಿನಲ್ಲೂ ಅದನ್ನು ಇಡಿ. ಮ್ಯಾಟನ್ನು ಮತ್ತೆ ಹಾಸುವ ಮೊದಲು ಪೈಪಿನ ನೀರಿನ ಪರೀಕ್ಷೆಯನ್ನು ಇನ್ನೊಮ್ಮೆ ನಡೆಸಿ. ನೆಲ ಒಣಗಿಯೇ ಉಳಿದರೆ ಸೀಟುಗಳನ್ನು ಬಿಗಿಯಬಹುದು.