ಭಾರ ಎತ್ತುವ ಮೊದಲು ಸ್ಲಿಂಗ್‌ನ ಕೋನವನ್ನು ಅಳೆಯಿರಿ

ತುಮಕೂರಿನ ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶದಲ್ಲಿ ಲಾರಿಯಿಂದ ಯಂತ್ರ ಇಳಿಸಲು ಹೈಡ್ರಾ ಕ್ರೇನನ್ನು ಬಾಡಿಗೆಗೆ ಕರೆಸಿದಾಗ, ಗಂಟೆಯ ಲೆಕ್ಕ ಏರುತ್ತದೆಂಬ ಅವಸರದಲ್ಲಿ ಅಳೆಯಬೇಕಾದುದನ್ನೆಲ್ಲ ಕಣ್ಣಂದಾಜಿಗೆ ಬಿಡುವ ಅಭ್ಯಾಸವಿದೆ. ಭಾರ ಎತ್ತುವ ಕೆಲಸದಲ್ಲಿ ಕಣ್ಣಂದಾಜನ್ನು ನಂಬಬಾರದು.

ಮೊದಲು ತೂಕ ತಿಳಿಯಬೇಕು. ಯಂತ್ರದ ಫಲಕದಲ್ಲಾಗಲಿ, ಅದರ ಜೊತೆ ಬಂದ ಕಾಗದಗಳಲ್ಲಾಗಲಿ ಅದು ಸಿಗದಿದ್ದರೆ ಅಳತೆಯಿಂದ ಲೆಕ್ಕ ಹಾಕಬಹುದು. ಒಂದು ಘನ ಮೀಟರ್ ಉಕ್ಕು ಸುಮಾರು 7.85 ಟನ್, ಗ್ರಾನೈಟ್ ಸುಮಾರು 2.7 ಟನ್ ತೂಗುತ್ತದೆ. ಅಂದರೆ 2 ಮೀಟರ್ ಉದ್ದ, 1.5 ಮೀಟರ್ ಅಗಲ, 1 ಮೀಟರ್ ಎತ್ತರದ ಕಲ್ಲಿನ ದಿಮ್ಮಿ 8 ಟನ್ ದಾಟುತ್ತದೆ.

ಆದರೆ ಸ್ಲಿಂಗ್ (ಭಾರವನ್ನು ಕ್ರೇನಿನ ಹುಕ್ಕಿಗೆ ಕಟ್ಟುವ ಬೆಲ್ಟ್, ತಂತಿಹಗ್ಗ ಅಥವಾ ಚೈನ್) ಹೊರುವ ಎಳೆತವು ತೂಕವೊಂದರಿಂದಲೇ ನಿರ್ಧಾರವಾಗುವುದಿಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳಿಕೊಡುವುದು ಇದನ್ನೇ. 4 ಟನ್ನಿನ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಒಂದನ್ನು ಎರಡು ಸ್ಲಿಂಗ್‌ಗಳು ನೇರವಾಗಿ ಹಿಡಿದರೆ ಒಂದೊಂದರ ಪಾಲು 2 ಟನ್. ಅವು ನೆಲಮಟ್ಟಕ್ಕೆ 60 ಡಿಗ್ರಿಯಲ್ಲಿ ಓರೆಯಾದರೆ 2.3 ಟನ್, 45 ಡಿಗ್ರಿಯಲ್ಲಿ 2.8 ಟನ್, 30 ಡಿಗ್ರಿಗೆ ಇಳಿದರೆ ಒಂದೊಂದೂ ಪೂರ್ತಿ 4 ಟನ್ ಎಳೆತವನ್ನು ತಡೆಯಬೇಕಾಗುತ್ತದೆ. ಕೋನಮಾಪಕ ಇಲ್ಲದಿದ್ದರೂ ಇದನ್ನು ಪರೀಕ್ಷಿಸಬಹುದು: ಹುಕ್ಕಿನಿಂದ ಯಂತ್ರದವರೆಗಿನ ಸ್ಲಿಂಗ್‌ನ ಉದ್ದವು ಎರಡು ಕಟ್ಟುಬಿಂದುಗಳ ನಡುವಿನ ಅಂತರಕ್ಕಿಂತ ಕಡಿಮೆಯಿಲ್ಲದಿದ್ದರೆ ಕೋನ 60 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿರುತ್ತದೆ. ಕಡಿಮೆಯಿದ್ದರೆ ಉದ್ದದ ಸ್ಲಿಂಗ್ ತರಿಸಿ. ನಾಲ್ಕು ಸ್ಲಿಂಗ್ ಹಾಕಿದಾಗಲೂ ಭಾರವನ್ನು ಎರಡೇ ಹೊರುತ್ತವೆ ಎಂದು ಲೆಕ್ಕ ಹಾಕುವುದು ಕ್ಷೇಮ.

ಬೆಲ್ಟ್ ಸ್ಲಿಂಗ್‌ಗಳಲ್ಲಿ ನೇರಳೆ 1 ಟನ್, ಹಸಿರು 2 ಟನ್, ಹಳದಿ 3 ಟನ್ ಎಂಬ ಬಣ್ಣದ ಗುರುತು ಬಳಕೆಯಲ್ಲಿದೆಯಾದರೂ ಹೊಲಿದ ಚೀಟಿಯಲ್ಲಿರುವ ಅಂಕಿಯೇ ಪ್ರಮಾಣ. ಚೀಟಿ ಕಿತ್ತುಹೋದ, ಅಂಚು ಹರಿದ, ಸುಟ್ಟ ಬೆಲ್ಟನ್ನು ಬಳಕೆಯಿಂದ ತೆಗೆದುಬಿಡಬೇಕು. ಕುಣಿಕೆ ಹಾಕಿ ಬಿಗಿದರೆ ಸಾಮರ್ಥ್ಯ ಸುಮಾರು ಶೇ. 80ಕ್ಕೆ ಇಳಿಯುತ್ತದೆ. ಮೇಲಿನ ಲೇತನ್ನು 60 ಡಿಗ್ರಿಯಲ್ಲಿ ಹೊರಬಲ್ಲ ಹಳದಿ ಬೆಲ್ಟ್ ಕುಣಿಕೆಯಲ್ಲಿ 2.4 ಟನ್ನಿನದಾಗುವುದರಿಂದ 45 ಡಿಗ್ರಿಯ ಎಳೆತಕ್ಕೆ ಸಾಲದು. ಚೂಪಾದ ಅಂಚಿನ ಮೇಲೆ ಬೆಲ್ಟ್ ಹಾಯುವಲ್ಲಿ ಸೀಳಿದ ಪೈಪನ್ನೋ ದಪ್ಪ ರಬ್ಬರನ್ನೋ ಇಡಿ. ಗೋಣಿಚೀಲ ಸಾಕಾಗುವುದಿಲ್ಲ. ಬಾಯಿ ಅಗಲಿಸಿದ ಹುಕ್, ಎಳೆ ತುಂಡಾಗಿ ನಿಂತ ತಂತಿಹಗ್ಗ, ಗಂಟು ಹಾಕಿದ ಚೈನ್ ಇವನ್ನೂ ಬಳಸಬಾರದು. 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಂ ಎತ್ತುವ ಸಾಧನಗಳಿಗೆ 12 ತಿಂಗಳಿಗೊಮ್ಮೆಯಾದರೂ ಸಮರ್ಥ ವ್ಯಕ್ತಿಯ ತಪಾಸಣೆಯನ್ನು ವಿಧಿಸಿತ್ತು. ಆದರೆ ಭಾರ ಕಟ್ಟುವವರು ಇವನ್ನು ಪ್ರತಿ ಸಲವೂ ನೋಡಬೇಕು.

ಲೇತಿನ ತೂಕ ಹೆಡ್‌ಸ್ಟಾಕ್ (ಲೋಹದ ತುಂಡನ್ನು ಹಿಡಿದು ತಿರುಗಿಸುವ ಭಾಗ) ಕಡೆಗೆ ಹೆಚ್ಚಿರುವುದರಿಂದ ಹುಕ್ಕನ್ನು ಯಂತ್ರದ ನಟ್ಟನಡುವೆ ಇಡದೆ ಆ ಕಡೆಗೆ ಸರಿಸಬೇಕು. 10-15 ಸೆಂಟಿಮೀಟರ್ ಮಾತ್ರ ಎತ್ತಿ ನಿಲ್ಲಿಸಿ. ವಾಲಿದರೆ ಇಳಿಸಿ, ಬೇರೆ ಕಡೆ ಕಟ್ಟಿ. ವಾಲಿದ ಕಡೆಯನ್ನು ಕೈಯಿಂದ ಒತ್ತಿ ಹಿಡಿಯಲು ಯಾರನ್ನೂ ಬಿಡಬೇಡಿ.

ಸಾಗಿಸುವಾಗ ಭಾರ ನೆಲಕ್ಕೆ ಹತ್ತಿರವಿರಲಿ, ತೂಗಾಡದಂತೆ ದೂರದಿಂದ ಹಗ್ಗ ಹಿಡಿಯಿರಿ. ನಡುವೆ ಮಡಚಿ ತಿರುಗುವ ಹೈಡ್ರಾದ ಸಾಮರ್ಥ್ಯ ತಿರುವಿನಲ್ಲಿ ಕುಗ್ಗುತ್ತದೆ. ಮಳೆಯಲ್ಲಿ ಮೆತ್ತಗಾದ ನೆಲವಾದರೆ ಅಪಾಯ ಇನ್ನೂ ಹೆಚ್ಚು. ಅದರ ಮುಂಚಕ್ರದ ಪಕ್ಕದಲ್ಲಿ ಹೆಜ್ಜೆ ಹಾಕುತ್ತ ಹೋಗುವ ಸಹಾಯಕನನ್ನು ದಯವಿಟ್ಟು ದೂರ ಕರೆಯಿರಿ. ಚಾಲಕನಿಗೆ ಸನ್ನೆ ಕೊಡುವವನು ಒಬ್ಬನೇ ಇರಬೇಕು, ಆದರೆ 'ನಿಲ್ಲಿಸು' ಎಂದು ಯಾರು ಹೇಳಿದರೂ ಕ್ರೇನ್ ನಿಲ್ಲಬೇಕು. ದಾರಿಯಲ್ಲಿ ವಿದ್ಯುತ್ ತಂತಿ ಇದ್ದರೆ ಬೆಸ್ಕಾಂಗೆ ಮೊದಲೇ ತಿಳಿಸಿ, ಸರಬರಾಜು ನಿಲ್ಲಿಸಿಕೊಂಡ ಮೇಲೆಯೇ ಬೂಮ್ (ಕ್ರೇನಿನ ತೋಳು) ಎತ್ತಿಸಿ.

ಇಳಿಸುವ ಜಾಗದಲ್ಲಿ ಮರದ ತುಂಡುಗಳನ್ನು ಮುಂಚೆಯೇ ಜೋಡಿಸಿಟ್ಟಿರಬೇಕು. ಯಂತ್ರ ತೂಗುತ್ತಿರುವಾಗ ಅದರಡಿಗೆ ಕೈ ಹಾಕಿ ಅವನ್ನು ಸರಿಪಡಿಸಬಾರದು. ಭಾರ ಕೂತು ಸ್ಲಿಂಗ್ ಸಡಿಲವಾದ ಮೇಲೆ ಅದನ್ನು ಕೈಯಿಂದಲೇ ಬಿಡಿಸಿ ತೆಗೆಯಿರಿ. ಕ್ರೇನಿನಿಂದ ಎಳೆಸಿದರೆ ಸಿಕ್ಕಿಕೊಂಡ ಸ್ಲಿಂಗ್ ಆಗಷ್ಟೇ ಕೂರಿಸಿದ ಯಂತ್ರವನ್ನು ಉರುಳಿಸಬಹುದು.